ಟ್ರೈಲರಿನ ಎಡ ಟಯರ್ ಮಾತ್ರ ಒಳಬದಿಯಲ್ಲಿ ಸವೆಯುತ್ತಿದೆ: ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನಮ್ಮ ಮನೆ ಉಡುಪಿಯ ಸಂತೆಕಟ್ಟೆಯಲ್ಲಿ. ಮನೆಮಂದಿಯೊಂದಿಗೆ ತಿರುಗಾಡಲೆಂದು ಬೊಲೆರೊ ಹಿಂದೆ ಕಟ್ಟಿ ಎಳೆಯುವ ಕ್ಯಾಂಪಿಂಗ್ ಟ್ರೈಲರ್ ಒಂದನ್ನು ವರ್ಕ್‌ಶಾಪಿನಲ್ಲಿ ಮಾಡಿಸಿದ್ದೇನೆ. ಒಂದೇ ಆಕ್ಸಲ್, ಎರಡು ಚಕ್ರ, ಲೀಫ್ ಸ್ಪ್ರಿಂಗ್. ಟಯರ್ 165/80 ಆರ್ 14, ಲೋಡ್ ಇಂಡೆಕ್ಸ್ 85. ಹೊರಗೆಳೆಯುವ ಅಡುಗೆಕಟ್ಟೆ, ಅದರ ಕೆಳಗೆ 80 ಲೀಟರಿನ ನೀರಿನ ಟ್ಯಾಂಕ್, ಗ್ಯಾಸ್ ಸಿಲಿಂಡರ್, ಬ್ಯಾಟರಿ ಎಲ್ಲವೂ ಎಡಬದಿಯಲ್ಲಿವೆ. ಬಲಬದಿಯಲ್ಲಿ ಹಾಸಿಗೆ ಮಾತ್ರ. ಎಲ್ಲವನ್ನೂ ತುಂಬಿ ವೇಬ್ರಿಜ್‌ನಲ್ಲಿ ತೂಗಿಸಿದಾಗ 1,150 ಕಿಲೊ ಬಂತು. ಅದರಲ್ಲಿ ಕೊಂಡಿಯ ಮೇಲೆ ಬೀಳುವ ಭಾರ ಸುಮಾರು 70 ಕಿಲೊ. ಆಗುಂಬೆ, ಗೋಕರ್ಣ, ಚಿಕ್ಕಮಗಳೂರು ಕಡೆ ಹೋಗುತ್ತೇವೆ, ಬಿಡುವಿದ್ದಾಗ ಪಡುಕೆರೆ ಕಡಲತೀರಕ್ಕೂ. ಎಡ ಟಯರಿನ ಒಳ ಅಂಚು ನುಣ್ಣಗಾಗಿದೆ, ಹೊರ ಅಂಚು ಹೊಸದರಂತಿದೆ. ಬಲ ಟಯರಿಗೆ ಏನೂ ಆಗಿಲ್ಲ. ಟಯರ್ ಬದಲಿಸಿದೆ, ಮತ್ತೆ ಹಾಗೆಯೇ ಆಯಿತು. ಟಯರ್ ಅಂಗಡಿಯವರು ಗಾಳಿ ಹೆಚ್ಚಿಸಿ ಎನ್ನುತ್ತಾರೆ, ಅಲೈನ್‌ಮೆಂಟ್ ಮಾಡುವವರು ಟ್ರೈಲರಿಗೆ ಅಲೈನ್‌ಮೆಂಟೇ ಇಲ್ಲ ಎನ್ನುತ್ತಾರೆ, ಇನ್ನೊಬ್ಬರು ಆಕ್ಸಲನ್ನೇ ಬದಲಿಸಿ ಎಂದರು. ಯಾರ ಮಾತು ಕೇಳಲಿ?

ಉತ್ತರ: ಮೊದಲು ಒಂದು ಕೋರಿಕೆ. ಇನ್ನೊಂದು ಹೊಸ ಟಯರನ್ನು ಈಗಲೇ ಹಾಕಿಸಬೇಡಿ, ಸವೆದದ್ದನ್ನು ಅಂಗಡಿಯಲ್ಲಿ ಬಿಟ್ಟು ಬರಲೂ ಬೇಡಿ. ನಿಮ್ಮ ಟ್ರೈಲರಿನಲ್ಲಿ ಏನು ತಪ್ಪಿದೆ ಎಂಬುದನ್ನು ಆ ಹಳೆಯ ಟಯರಿನಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳಲಾರದು. ಒಳ ಅಂಚಿನಲ್ಲಿ ತಂತಿಯ ಎಳೆಯೋ ನೂಲಿನ ಪದರವೋ ಕಾಣಿಸಿದ್ದರೆ ಮಾತ್ರ ಅದರ ಮೇಲೆ ಒಂದು ಕಿಲೊಮೀಟರ್ ಕೂಡ ಓಡಿಸಬೇಡಿ. ಸ್ಟೆಪ್ನಿ ಹಾಕಿ, ಹಳೆಯದನ್ನು ಮನೆಯಲ್ಲಿಟ್ಟುಕೊಳ್ಳಿ.

ನಿಮಗೆ ಸಲಹೆ ಕೊಟ್ಟ ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಮೂವರೂ ಟೇಪು ಹಿಡಿಯದೆ ಹೇಳಿದ್ದಾರೆ. ಟ್ರೈಲರಿನ ಚಕ್ರಕ್ಕೆ ಎಂಜಿನ್ನಿನ ಎಳೆತವಿಲ್ಲ, ಸ್ಟೀರಿಂಗಿನ ತಿರುವೂ ಇಲ್ಲ. ಭಾರ ಹೊತ್ತು ಉರುಳುವುದಷ್ಟೇ ಅದರ ಕೆಲಸ. ಹಾಗಾಗಿ ಕಾರಿನ ಮುಂದಿನ ಚಕ್ರ ಸವೆದಾಗ ಹುಡುಕುವ ಅರ್ಧಕ್ಕರ್ಧ ಕಾರಣಗಳು ಇಲ್ಲಿ ತಾವಾಗಿಯೇ ಬಿಟ್ಟುಹೋಗುತ್ತವೆ. ಉಳಿಯುವುದು ಚಕ್ರದ ಮೇಲೆ ಬೀಳುವ ತೂಕ, ಟಯರಿನ ಗಾಳಿ, ಚಕ್ರ ನಿಂತ ಕೋನ ಮತ್ತು ಎಲ್ಲಾದರೂ ಸಡಿಲವಾಗಿರುವ ಭಾಗ. ಇವುಗಳಲ್ಲಿ ಯಾವುದು ಎಂಬುದನ್ನು ಸವೆತದ ಆಕಾರದಿಂದಲೇ ಬಹುಮಟ್ಟಿಗೆ ಗುರುತಿಸಬಹುದು.

ಟಯರನ್ನು ಕಣ್ಣಿನಿಂದ ನೋಡಿದರೆ ಸಾಲದು, ಅಳೆಯಬೇಕು. ಗ್ರಿಪ್ಪಿನ ಆಳ ಅಳೆಯುವ ಗೇಜು ಸಣ್ಣ ಬೆಲೆಗೆ ಸಿಗುತ್ತದೆ. ಟಯರಿನ ಒಳ ಅಂಚು, ನಡು, ಹೊರ ಅಂಚು, ಹೀಗೆ ಮೂರು ಕಡೆ ಆಳ ನೋಡಿ. ಇದನ್ನೇ ಟಯರನ್ನು ಕಾಲು ಕಾಲು ಸುತ್ತು ತಿರುಗಿಸುತ್ತ ನಾಲ್ಕು ಸ್ಥಳಗಳಲ್ಲಿ ಮಾಡಿ ಬರೆದಿಟ್ಟುಕೊಳ್ಳಿ. ಸುತ್ತಲೂ ಒಂದೇ ತೆರನಾಗಿ ಒಳ ಅಂಚು ತೆಳುವಾಗಿದ್ದರೆ ಕೋನದ ಅಥವಾ ಭಾರದ ದೋಷ. ಒಂದು ಕಡೆ ಆಳ, ಸ್ವಲ್ಪ ಮುಂದೆ ಬೋಳು, ಮತ್ತೆ ಆಳ ಎಂದು ತೇಪೆ ತೇಪೆಯಾಗಿ ಸವೆದಿದ್ದರೆ ಬೇರಿಂಗ್ ಸಡಿಲ, ರಿಮ್ ಸೊಟ್ಟ ಅಥವಾ ಚಕ್ರದ ಬ್ಯಾಲೆನ್ಸ್ ತಪ್ಪಿರುವುದು. ಒಂದೇ ಜಾಗದಲ್ಲಿ ಚಪ್ಪಟೆಯಾಗಿದ್ದರೆ ಬ್ರೇಕ್ ಕಚ್ಚಿ ಚಕ್ರ ಉರುಳದೆ ಎಳೆದುಹೋಗಿದೆ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಅಥವಾ ಭಾರ ಹೆಚ್ಚು. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ನಿಮ್ಮದು ಒಂದೇ ಅಂಚಿನ ಸವೆತ. ಗಾಳಿಯಿಂದ ಅದು ಹುಟ್ಟುವುದಿಲ್ಲ, ಗಾಳಿ ಹೆಚ್ಚಿಸಿದರೆ ವಾಸಿಯಾಗುವುದೂ ಇಲ್ಲ. ಗಾಳಿ ಏರಿಸಿದರೆ ಒಳ ಅಂಚಿನ ಜೊತೆಗೆ ನಡುವೂ ಸವೆಯತೊಡಗುತ್ತದೆ ಅಷ್ಟೆ.

ಇನ್ನು ಅಂಗೈಯನ್ನು ಟಯರಿನ ಮೇಲೆ ಅಡ್ಡಲಾಗಿ ಒಳಗಿನಿಂದ ಹೊರಕ್ಕೆ, ಮತ್ತೆ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಅದು ಟೋ ದೋಷ. ಅಂದರೆ ಎರಡು ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ, ರಸ್ತೆಗೆ ಅಡ್ಡಲಾಗಿ ಸ್ವಲ್ಪ ಸ್ವಲ್ಪ ಉಜ್ಜಿಕೊಂಡು ಹೋಗುತ್ತಿವೆ. ನಿಮ್ಮ ಅಳತೆಯ ಟಯರಿನ ವ್ಯಾಸ ಸುಮಾರು 620 ಮಿ.ಮೀ. ಎರಡು ಚಕ್ರಗಳ ನಡುವಿನ ಅಂತರದಲ್ಲಿ ಟಯರುಗಳ ಮುಂಬದಿಗೂ ಹಿಂಬದಿಗೂ ಬರಿಯ 3 ಮಿ.ಮೀ. ವ್ಯತ್ಯಾಸವಿದ್ದರೂ, ಲೆಕ್ಕದ ಪ್ರಕಾರ ಪ್ರತಿ ಕಿಲೊಮೀಟರಿಗೆ ಒಂದೊಂದು ಚಕ್ರವೂ ಸುಮಾರು ಎರಡೂವರೆ ಮೀಟರ್ ಅಡ್ಡಕ್ಕೆ ಎಳೆಯಲ್ಪಡುತ್ತದೆ. ಉಡುಪಿಯಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ.; ಅಷ್ಟು ದೂರ ಹೋಗುವುದರೊಳಗೆ ಆ ರಬ್ಬರು ಒಂದು ಕಿಲೊಮೀಟರಿನಷ್ಟು ಅಡ್ಡ ಉಜ್ಜಿಸಿಕೊಂಡಿರುತ್ತದೆ.

ಆದರೆ ನಿಮ್ಮ ಪ್ರಕರಣದಲ್ಲಿ ಟೋ ಒಂದೇ ಕಾರಣವಾಗಿರಲಾರದು. ಅದಕ್ಕೆ ಆಧಾರವನ್ನು ನಿಮ್ಮ ಬಲ ಟಯರೇ ಒದಗಿಸಿದೆ. ಒಂದೇ ಆಕ್ಸಲಿನ ಟ್ರೈಲರ್ ಕೊಂಡಿಯ ಸುತ್ತ ಎಡಕ್ಕೂ ಬಲಕ್ಕೂ ಸ್ವತಂತ್ರವಾಗಿ ಹೊರಳಬಲ್ಲದು. ಎಡ ಚಕ್ರವೊಂದು ಓರೆಯಾಗಿದ್ದರೆ ಇಡೀ ಟ್ರೈಲರ್ ತುಸು ಪಕ್ಕಕ್ಕೆ ಸರಿದು, ಎರಡೂ ಚಕ್ರಗಳ ಅಡ್ಡ ಎಳೆತ ಸರಿಸಮವಾಗುವ ಜಾಗದಲ್ಲಿ ನಿಂತು ಓಡುತ್ತದೆ. ಹೀಗೆ ಒಂದು ಚಕ್ರದ ಟೋ ದೋಷವನ್ನು ಎರಡು ಟಯರುಗಳೂ ಹಂಚಿಕೊಳ್ಳುತ್ತವೆ, ಎರಡೂ ಸವೆಯುತ್ತವೆ. ಇಡೀ ಆಕ್ಸಲ್ ಓರೆಯಾಗಿ ಕುಳಿತಿದ್ದರೆ ಇನ್ನೂ ವಿಚಿತ್ರ: ಟ್ರೈಲರ್ ಬೊಲೆರೊದ ಹಿಂದೆ ಏಡಿಯಂತೆ ಪಕ್ಕಕ್ಕೆ ವಾಲಿ ಬರುತ್ತದೆ, ಆದರೆ ಚಕ್ರಗಳು ತಮ್ಮ ದಿಕ್ಕಿನಲ್ಲೇ ಉರುಳುವುದರಿಂದ ಟಯರು ಅಷ್ಟಾಗಿ ಸವೆಯುವುದಿಲ್ಲ. ಬಲ ಟಯರ್ ನಿಜಕ್ಕೂ ಸಮವಾಗಿ ಸವೆಯುತ್ತಿದ್ದರೆ, ಎಡ ಚಕ್ರಕ್ಕೆ ಮಾತ್ರ ಸೇರಿದ ದೋಷವೊಂದು ಇರಲೇಬೇಕು. ಮುಖ್ಯ ಶಂಕೆ ಕ್ಯಾಂಬರ್, ಅಂದರೆ ಚಕ್ರ ನೆಟ್ಟಗೆ ನಿಲ್ಲದೆ ಒಳಕ್ಕೋ ಹೊರಕ್ಕೋ ವಾಲುವ ಕೋನ. ಚಕ್ರದ ತಲೆ ಒಳಕ್ಕೆ ವಾಲಿದೆ, ಭಾರವೆಲ್ಲ ಒಳ ಅಂಚಿನ ಮೇಲೆ ಬೀಳುತ್ತಿದೆ.

ಏಕೆ ವಾಲಿತು? ಇಲ್ಲಿ ನಿಮ್ಮ ಪತ್ರದ ಅಂಕಿಗಳೇ ಮಾತನಾಡುತ್ತವೆ. ಒಟ್ಟು 1,150 ಕಿಲೊದಲ್ಲಿ ಕೊಂಡಿಯ ಮೇಲಿನ 70 ಕಿಲೊ ಕಳೆದರೆ ಆಕ್ಸಲಿನ ಮೇಲೆ 1,080 ಕಿಲೊ. ಸಮನಾಗಿ ಹಂಚಿದರೂ ಒಂದು ಚಕ್ರಕ್ಕೆ 540. ಲೋಡ್ ಇಂಡೆಕ್ಸ್ 85 ಎಂದರೆ ಆ ಟಯರ್ ಹೊರಬಹುದಾದ ಗರಿಷ್ಠ ಭಾರ 515 ಕಿಲೊ, ಅದೂ ಪೂರ್ಣ ಗಾಳಿಯಲ್ಲಿ, ಸುಮಾರು 36 ಪಿ.ಎಸ್.ಐ. ಇದ್ದಾಗ. ಎರಡೂ ಟಯರುಗಳು ಈಗಾಗಲೇ ತಮ್ಮ ಮಿತಿಯನ್ನು ಮೀರಿವೆ. ಇನ್ನು ಸಮನಾಗಿ ಹಂಚಿಕೆಯಾಗಿರುವುದಂತೂ ಸಾಧ್ಯವೇ ಇಲ್ಲ. 80 ಲೀಟರ್ ನೀರು ಎಂದರೆ 80 ಕಿಲೊ, ತುಂಬಿದ ಮನೆಬಳಕೆಯ ಸಿಲಿಂಡರ್ ಸುಮಾರು 30 ಕಿಲೊ, ಬ್ಯಾಟರಿ, ಅಡುಗೆಕಟ್ಟೆ, ಪಾತ್ರೆಪಗಡಿ ಎಲ್ಲವೂ ಎಡಕ್ಕೆ. ಎಡ ಚಕ್ರದ ಮೇಲೆ 600 ಕಿಲೊ ದಾಟಿದ್ದರೆ ನನಗೆ ಆಶ್ಚರ್ಯವಿಲ್ಲ.

ಆ ಭಾರಕ್ಕೆ ಆಕ್ಸಲ್ ಹೇಗೆ ಬಾಗುತ್ತದೆ ಎಂಬುದನ್ನು ಕಣ್ಣಿಗೆ ತಂದುಕೊಳ್ಳಲು ತೋಡಿಗೆ ಅಡ್ಡ ಹಾಕಿದ ಅಡಕೆ ಮರದ ಕಾಲುಸಂಕವನ್ನು ನೆನೆಯಿರಿ. ನಡುವೆ ನಿಂತರೆ ನಡು ತಗ್ಗುತ್ತದೆ, ತುದಿಗಳು ಮೇಲ್ಮುಖವಾಗುತ್ತವೆ. ಆಕ್ಸಲಿನಲ್ಲಿ ಸ್ಪ್ರಿಂಗುಗಳು ಕೆಳಕ್ಕೆ ಒತ್ತುತ್ತವೆ, ತುದಿಯಲ್ಲಿ ಚಕ್ರಗಳು ಮೇಲಕ್ಕೆ ಒತ್ತುತ್ತವೆ. ತುದಿ ಮೇಲೆದ್ದಾಗ ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಕಾರ್ಖಾನೆಯಲ್ಲಿ ತಯಾರಾಗುವ ಹಲವು ಟ್ರೈಲರ್ ಆಕ್ಸಲುಗಳನ್ನು ಇದಕ್ಕಾಗಿಯೇ ನಡು ತುಸು ಮೇಲಕ್ಕೆ ಬಾಗಿರುವಂತೆ ಮಾಡಿರುತ್ತಾರೆ. ಭಾರ ಬಿದ್ದಾಗ ಅದು ನೇರವಾಗುತ್ತದೆ. ನಮ್ಮ ವರ್ಕ್‌ಶಾಪುಗಳಲ್ಲಿ ಸಾಮಾನ್ಯವಾಗಿ ನೇರ ಚೌಕ ರಾಡನ್ನೋ ಪೈಪನ್ನೋ ಕತ್ತರಿಸಿ ತುದಿಗೆ ಸ್ಟಬ್ (ಚಕ್ರದ ಹಬ್ ಕೂರುವ ಗಿಡ್ಡ ದಂಡ) ಕೂರಿಸುತ್ತಾರೆ. ಅದರ ಮೇಲ್ಮೈಗೆ ಸ್ಪ್ರಿಂಗಿನ ಸೀಟನ್ನು ಸುತ್ತಲೂ ದಪ್ಪ ವೆಲ್ಡ್ ಹಾಕಿ ಕೂರಿಸಿದ್ದರೆ ಇನ್ನೂ ಒಂದು ತೊಡಕು: ವೆಲ್ಡ್ ತಣಿಯುವಾಗ ಆ ಮೇಲ್ಮೈ ಕುಗ್ಗುತ್ತದೆ, ತುದಿಗಳು ಮೇಲಕ್ಕೆ ಎಳೆಯುತ್ತವೆ. ಹೊಸ ಆಕ್ಸಲ್ ಮೊದಲ ದಿನವೇ ಸೊಟ್ಟಗಿರುವುದು ಹೀಗೆ.

ಸ್ಪ್ರಿಂಗಿಗೂ ಚಕ್ರಕ್ಕೂ ನಡುವಿನ ಅಂತರವನ್ನೂ ನೋಡಿ. ಇದನ್ನು ಬಹಳ ಮಂದಿ ಗಮನಿಸುವುದಿಲ್ಲ, ನನ್ನ ಅನುಭವದಲ್ಲಿ ಕರಾವಳಿಯಲ್ಲಿ ಕಟ್ಟಿಸಿದ ಟ್ರೈಲರುಗಳ ದೊಡ್ಡ ದೌರ್ಬಲ್ಯವೇ ಇದು. ಚಾಸಿಯನ್ನು ಕಿರಿದಾಗಿ ಕಟ್ಟಿ, ಮೇಲಿನ ಬಾಡಿಯನ್ನು ಅಗಲ ಮಾಡಿ, ಚಕ್ರಗಳನ್ನು ಬಾಡಿಯ ಅಗಲಕ್ಕೆ ಹೊರತಳ್ಳುತ್ತಾರೆ. ಸ್ಪ್ರಿಂಗು ಕಿರಿದಾದ ಚಾಸಿಯ ಕೆಳಗೇ ಉಳಿಯುತ್ತದೆ. ಸ್ಪ್ರಿಂಗಿನ ನಡುವಿನಿಂದ ಟಯರಿನ ನಡುವಿಗೆ 350 ಮಿ.ಮೀ. ಇದ್ದದ್ದನ್ನು 200ಕ್ಕೆ ತಂದರೆ ಆಕ್ಸಲನ್ನು ಬಾಗಿಸುವ ಬಲ ಶೇ. 40ಕ್ಕಿಂತ ಹೆಚ್ಚು ಇಳಿಯುತ್ತದೆ. ರಾಡನ್ನು ದಪ್ಪ ಮಾಡುವುದಕ್ಕಿಂತ ಸ್ಪ್ರಿಂಗನ್ನು ಚಕ್ರದ ಹತ್ತಿರ ತರುವುದು ಉತ್ತಮ ಮದ್ದು.

ಈಗ ಪರೀಕ್ಷೆಗೆ ಬರೋಣ. ಅಳತೆಗಿಂತ ಮುಂಚೆ ಬೇರಿಂಗ್ ನೋಡಿ, ಏಕೆಂದರೆ ಅದು ಪ್ರಾಣಕ್ಕೆ ಸಂಬಂಧಿಸಿದ್ದು. ಟ್ರೈಲರನ್ನು ಬೊಲೆರೊಗೆ ಕಟ್ಟಿಯೇ ಇರಿಸಿ, ಬಲ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಎಡಬದಿಯನ್ನು ಜಾಕ್ ಮೇಲೆ ಎತ್ತಿ ಸ್ಟ್ಯಾಂಡ್ ಕೊಡಿ. ಬರಿಯ ಜಾಕನ್ನು ನಂಬಿ ಕೆಳಗೆ ಕೈ ಹಾಕಬೇಡಿ. ಟಯರಿನ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಒಳಗೆ ಹೊರಗೆ ಅಲುಗಾಡಿಸಿ. ಟಕಟಕ ಎಂದು ಆಡಿದರೆ ಬೇರಿಂಗ್ ಸಡಿಲವಾಗಿದೆ ಅಥವಾ ತಿಂದುಹೋಗಿದೆ. ಸಡಿಲ ಬೇರಿಂಗಿನ ಚಕ್ರ ಭಾರ ಬಿದ್ದಾಗ ತಲೆಯನ್ನು ಒಳಕ್ಕೆ ವಾಲಿಸುತ್ತದೆ, ಹಾಗಾಗಿ ನಿಮ್ಮ ಸವೆತಕ್ಕೆ ಇದರ ಪಾಲೂ ಇರಬಹುದು. ಚಕ್ರವನ್ನು ಕೈಯಿಂದ ತಿರುಗಿಸಿ ಗರಗರ ಸದ್ದು ಕೇಳಿ. ಒಂದು ಕಡ್ಡಿಯನ್ನು ಇಟ್ಟಿಗೆಯ ಮೇಲಿಟ್ಟು ಅದರ ತುದಿಯನ್ನು ರಿಮ್ಮಿಗೆ ತಾಗಿಯೂ ತಾಗದಂತೆ ಹಿಡಿದು ಚಕ್ರ ಸುತ್ತಿಸಿದರೆ ರಿಮ್ ಸೊಟ್ಟವಿದೆಯೇ ಎಂಬುದೂ ಗೊತ್ತಾಗುತ್ತದೆ. ಪಡುಕೆರೆಯಲ್ಲಿ ಒದ್ದೆ ಮರಳಿಗೆ ಇಳಿಸುವವರಾದರೆ ಹಬ್ ಬಿಚ್ಚಿಸಿ ಗ್ರೀಸ್ ನೋಡಿಸಿ. ಗ್ರೀಸ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ; ಸೀಲನ್ನೂ ಬೇರಿಂಗನ್ನೂ ಒಟ್ಟಿಗೆ ಬದಲಿಸಿ.

ಅಲ್ಲೇ ಮಲಗಿದಾಗ ಸ್ಪ್ರಿಂಗಿನ ಕಡೆಗೂ ಟಾರ್ಚ್ ಹಾಯಿಸಿ. ಎಡ ಸ್ಪ್ರಿಂಗಿನ ಪ್ಲೇಟುಗಳಲ್ಲಿ ಬಿರುಕು, ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ಲಿನ ಬುಶ್ ಸವೆದು ಮೊಟ್ಟೆಯಾಕಾರವಾಗಿರುವ ತೂತು, ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯು ಬೋಲ್ಟ್ ಸುತ್ತ ಕೆಂಪು ತುಕ್ಕಿನ ಪುಡಿ, ಇವು ಇವೆಯೇ ನೋಡಿ. ಕೊನೆಯದು ಕಂಡರೆ ಆಕ್ಸಲ್ ತನ್ನ ಜಾಗದಲ್ಲಿ ಸರಿದಾಡುತ್ತಿದೆ. ಎರಡೂ ಬದಿಯಲ್ಲಿ ಕೊಂಡಿಯ ನಡುವಿನಿಂದ ಆಕ್ಸಲಿನ ತುದಿಗೆ ಟೇಪು ಹಿಡಿಯಿರಿ. ವ್ಯತ್ಯಾಸ 3 ಮಿ.ಮೀ.ಗಿಂತ ಹೆಚ್ಚಿದ್ದರೆ ಸ್ಪ್ರಿಂಗ್ ಪ್ಲೇಟುಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿದೆಯೇ ನೋಡಿಸಿ. ಆಗಲೇ ಹೇಳಿದಂತೆ ಅದು ನಿಮ್ಮ ಎಡ ಟಯರನ್ನು ತಿನ್ನುವ ದೋಷವಲ್ಲ, ಆದರೂ ಬಿಟ್ಟರೆ ಅಪಾಯ.

ಕ್ಯಾಂಬರ್ ಅಳೆಯಲು ಯಂತ್ರ ಬೇಕಿಲ್ಲ. ಮೇಸ್ತ್ರಿಗಳು ಗೋಡೆ ನೋಡುವ ತೂಗುಗುಂಡು, ಒಂದು ಸ್ಕೇಲು ಸಾಕು. ನೆಲ ಮಾತ್ರ ಸಮತಟ್ಟಾಗಿರಬೇಕು. ಮುರಕಲ್ಲು ಹಾಸಿದ ಅಂಗಳ ಬೇಡ, ಸಿಮೆಂಟಿನ ನೆಲ ಆಗಲಿ. ಚಕ್ರದ ಹೊರಮೈಯ ಎದುರು ನೂಲು ಇಳಿಬಿಟ್ಟು, ನೂಲಿನಿಂದ ರಿಮ್ಮಿನ ಮೇಲಂಚಿಗೆ ಎಷ್ಟು, ಕೆಳಂಚಿಗೆ ಎಷ್ಟು ಎಂದು ಅಳೆಯಿರಿ. 14 ಇಂಚಿನ ರಿಮ್ಮಿನಲ್ಲಿ ಎರಡರ ನಡುವೆ 6 ಮಿ.ಮೀ.ಗೂ ತುಸು ಹೆಚ್ಚು ವ್ಯತ್ಯಾಸ ಬಂದರೆ ಅದು ಒಂದು ಡಿಗ್ರಿ. ರಿಮ್ಮಿನ ಸೊಟ್ಟತನ ಲೆಕ್ಕವನ್ನು ಕೆಡಿಸದಿರಲು ಚಕ್ರವನ್ನು ಅರ್ಧ ಸುತ್ತು ಉರುಳಿಸಿ ಮತ್ತೊಮ್ಮೆ ಅಳೆದು ಸರಾಸರಿ ತೆಗೆಯಿರಿ. ಜಾಕ್ ಇಳಿಸಿದ ಕೂಡಲೇ ಅಳೆಯಬೇಡಿ. ಟ್ರೈಲರನ್ನು ಕೆಲವು ಮೀಟರ್ ಹಿಂದೆ ಮುಂದೆ ಸಾಗಿಸಿ, ಟಯರು ತನ್ನ ಸಹಜ ನಿಲುವಿಗೆ ಬಂದ ಮೇಲೆ ಅಳೆಯಿರಿ.

ಇಷ್ಟನ್ನು ಹಲವರು ಮಾಡುತ್ತಾರೆ, ಆದರೆ ಖಾಲಿ ಟ್ರೈಲರಿಗೆ ಮಾತ್ರ ಮಾಡುತ್ತಾರೆ. ಆಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಟಯರಿನ ಗುಣಮಟ್ಟವೇ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಟಯರು ಸವೆಯುವುದು ಪ್ರವಾಸದಲ್ಲಿ, ಪ್ರವಾಸದ ಭಾರದಲ್ಲಿ. ಆದ್ದರಿಂದ ಒಮ್ಮೆ ಪೂರ್ತಿ ಖಾಲಿ ಮಾಡಿ ಅಳೆಯಿರಿ. ಬಳಿಕ ನೀರು, ಗ್ಯಾಸ್, ಅಕ್ಕಿ, ಪಾತ್ರೆ, ಹಾಸಿಗೆ ಎಲ್ಲವನ್ನೂ ಹೊರಡುವ ದಿನ ತುಂಬುವಂತೆಯೇ ತುಂಬಿ ಮತ್ತೆ ಅಳೆಯಿರಿ. ಖಾಲಿ ಇದ್ದಾಗ ಎರಡೂ ಚಕ್ರ ನೇರ, ತುಂಬಿದಾಗ ಎಡ ಚಕ್ರ ಒಂದು ಡಿಗ್ರಿಗಿಂತ ಹೆಚ್ಚು ಒಳಕ್ಕೆ ವಾಲಿದರೆ ಆಕ್ಸಲ್ ಕೆಟ್ಟಿಲ್ಲ. ಈ ಭಾರಕ್ಕೆ ಅದು ಸಾಲದು. ಖಾಲಿ ಇದ್ದಾಗಲೂ ಎಡ ಚಕ್ರ ವಾಲಿದ್ದು, ತುಂಬಿದಾಗ ಅಷ್ಟಾಗಿ ಬದಲಾಗದಿದ್ದರೆ ಎಲ್ಲೋ ಪೆಟ್ಟು ಬಿದ್ದು ಶಾಶ್ವತವಾಗಿ ಬಾಗಿದೆ. ಎರಡೂ ಸೇರಿರುವುದೂ ಉಂಟು. ತುಂಬಿದ ಸ್ಥಿತಿಯಲ್ಲಿ ಅರ್ಧ ಡಿಗ್ರಿಯೊಳಗಿದ್ದರೆ ನಾನು ಕ್ಯಾಂಬರನ್ನು ದೂರುವುದಿಲ್ಲ.

ಪೆಟ್ಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ರಸ್ತೆಗಳಲ್ಲಿ ಟ್ರೈಲರಿನ ಎಡ ಚಕ್ರವೇ ಹೆಚ್ಚು ಏಟು ತಿನ್ನುತ್ತದೆ. ಮಳೆಗಾಲ ಮುಗಿದಾಗ ಒಳರಸ್ತೆಗಳ ಡಾಂಬರಿನ ಅಂಚು ಕೊಚ್ಚಿಹೋಗಿರುತ್ತದೆ. ಎದುರಿನಿಂದ ಬಸ್ ಬಂದಾಗ ನೀವು ಎಡಕ್ಕೆ ಸರಿದರೆ ಬೊಲೆರೊ ಡಾಂಬರಿನ ಮೇಲೆಯೇ ಉಳಿಯಬಹುದು, ಹಿಂದಿನ ಅಗಲದ ಟ್ರೈಲರಿನ ಚಕ್ರ ಕೆಳಗೆ ಬೀಳುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಟ್ರೈಲರ್ ಯಾವಾಗಲೂ ಎಳೆಯುವ ವಾಹನಕ್ಕಿಂತ ಒಳಸುತ್ತಿನಲ್ಲಿ ಬರುತ್ತದೆ. ಎಡ ತಿರುವಿನಲ್ಲಿ ಎಡ ಚಕ್ರ ಚರಂಡಿಯ ಅಂಚನ್ನು ಏರಿ ಇಳಿಯುತ್ತದೆ. ಭಾರ ಹೆಚ್ಚಿರುವ ಬದಿಯ ಚಕ್ರವೇ ಹೊಂಡಕ್ಕೂ ಬಿದ್ದರೆ ಆಕ್ಸಲಿನ ತುದಿ ಮೇಲಕ್ಕೆ ಬಾಗದೆ ಇನ್ನೇನಾಗಬೇಕು? ರಿಮ್ಮಿನ ಒಳ ಅಂಚಿನಲ್ಲಿ ತಗ್ಗು ಇದೆಯೇ, ಟಯರಿನ ಒಳ ಗೋಡೆಯಲ್ಲಿ ಗೀರು ಅಥವಾ ಉಬ್ಬು ಇದೆಯೇ ನೋಡಿ. ಉಬ್ಬಿದ್ದರೆ ಆ ಟಯರು ಸೇವೆಗೆ ಸಲ್ಲದು.

ಅಳತೆಯೊಂದಿಗೆ ತೂಕವೂ ಬೇಕು, ಒಟ್ಟು ತೂಕವಲ್ಲ, ಚಕ್ರದ ತೂಕ. ತಟ್ಟೆ ನೆಲದ ಮಟ್ಟದಲ್ಲೇ ಇರುವ ವೇಬ್ರಿಜ್ ಆರಿಸಿ. ತುಂಬಿದ ಟ್ರೈಲರನ್ನು ಬೊಲೆರೊಗೆ ಕಟ್ಟಿದಂತೆಯೇ ಅಂಚಿನಲ್ಲಿ ಓಡಿಸಿ, ಎಡ ಚಕ್ರ ಮಾತ್ರ ತಟ್ಟೆಯ ಮೇಲೆ ಬರುವಂತೆ ನಿಲ್ಲಿಸಿ. ಬೊಲೆರೊದ ಯಾವ ಚಕ್ರವೂ ತಟ್ಟೆಯ ಮೇಲೆ ಇರಬಾರದು. ಚೀಟಿ ತೆಗೆದುಕೊಳ್ಳಿ. ಬಳಿಕ ಬಲ ಚಕ್ರಕ್ಕೂ ಹಾಗೆಯೇ. ಬೆಳಿಗ್ಗೆ ಲಾರಿಗಳ ಸಾಲು ಇಲ್ಲದ ಹೊತ್ತಿಗೆ ಹೋಗಿ ವಿನಂತಿಸಿದರೆ ಮಾಡಿಕೊಡುತ್ತಾರೆ.

ಈಗ ಪರಿಹಾರ. ಮೊದಲನೆಯದಕ್ಕೆ ದುಡ್ಡೇ ಬೇಡ. ಉದಾಹರಣೆಗೆ ಎಡಕ್ಕೆ 610, ಬಲಕ್ಕೆ 470 ಬಂತೆಂದು ಇಟ್ಟುಕೊಳ್ಳಿ. ಎಡ ಚಕ್ರದ ನೇರಕ್ಕಿರುವ 80 ಕಿಲೊ ನೀರಿನ ಟ್ಯಾಂಕನ್ನು ಅಗಲದ ನಡುವಿಗೆ, ಆಕ್ಸಲಿನ ಮೇಲಕ್ಕೆ ತಂದರೆ ಎಡ 570, ಬಲ 510 ಆಗುತ್ತದೆ. 30 ಕಿಲೊ ಬ್ಯಾಟರಿಯನ್ನು ಬಲ ಚಕ್ರದ ನೇರಕ್ಕೆ ದಾಟಿಸಿದರೆ ಎರಡೂ 540. ಸಮವಾಯಿತು, ಆದರೆ ಇನ್ನೂ 515ರ ಮಿತಿಗಿಂತ ಹೆಚ್ಚು. ಟ್ಯಾಂಕನ್ನು ಖಾಲಿ ಮಾಡಿ ಹೊರಟರೆ ತಲಾ 500. ಆಗುಂಬೆಯಂಥ ಮಳೆಯೂರಿಗೆ ಉಡುಪಿಯಿಂದ ನೀರು ಹೊತ್ತುಕೊಂಡು ಘಾಟಿ ಹತ್ತುವ ಅಗತ್ಯ ನನಗಂತೂ ಕಾಣುವುದಿಲ್ಲ. ದಾರಿಗೆ ಎರಡು ಕ್ಯಾನ್ ಇಟ್ಟುಕೊಂಡು, ತಲುಪಿದ ಮೇಲೆ ಟ್ಯಾಂಕ್ ತುಂಬಿಸಿ. ಸಾಮಾನು ಸರಿಸುವಾಗ ಕೊಂಡಿಯ ಮೇಲಿನ ಭಾರ ಇನ್ನೂ ಇಳಿಯದಂತೆ ನೋಡಿಕೊಳ್ಳಿ. ಈಗಿನ 70 ಕಿಲೊ ಒಟ್ಟು ತೂಕದ ಶೇ. 6ರಷ್ಟು ಮಾತ್ರ, ನನಗೆ ಅದು ಶೇ. 8ರಿಂದ 10ರ ನಡುವೆ ಇದ್ದರೆ ನೆಮ್ಮದಿ, ಬೊಲೆರೊದ ಕೊಂಡಿ ಅಷ್ಟನ್ನು ಹೊರುವಂತಿದ್ದರೆ. ಹಿಂಭಾರವಾದ ಟ್ರೈಲರ್ ಹೆದ್ದಾರಿಯಲ್ಲಿ ಬಾಲ ಬೀಸತೊಡಗುತ್ತದೆ, ಅದು ಟಯರಿನ ಸವೆತಕ್ಕಿಂತ ಎಷ್ಟೋ ಭಯಂಕರ.

ಎರಡನೆಯದು ಟಯರಿನ ವರ್ಗ. ಕಾರಿನ ಟಯರನ್ನು ಬಿಟ್ಟು ಸರಕು ವಾಹನಗಳಿಗೆ ಬಳಸುವ, ಲೋಡ್ ಇಂಡೆಕ್ಸ್ 95ರ ಆಸುಪಾಸಿನ ಟಯರಿಗೆ ಹೋದರೆ ಒಂದೊಂದಕ್ಕೆ 690 ಕಿಲೊ ಸಾಮರ್ಥ್ಯ ಸಿಗುತ್ತದೆ. ಆದರೆ ಅವಕ್ಕೆ ಗಾಳಿ ಹೆಚ್ಚು ಬೇಕು. ಈಗಿನ ರಿಮ್ ಮತ್ತು ವಾಲ್ವ್ ಆ ಒತ್ತಡವನ್ನೂ ಭಾರವನ್ನೂ ತಾಳುತ್ತವೆಯೇ ಎಂದು ಖಚಿತಪಡಿಸಿಕೊಂಡೇ ಹಾಕಿಸಿ. ಗಟ್ಟಿ ಟಯರ್ ಹಾಕಿದ ಮಾತ್ರಕ್ಕೆ ಆಕ್ಸಲ್ ಗಟ್ಟಿಯಾಗುವುದಿಲ್ಲ ಎಂಬುದೂ ನೆನಪಿರಲಿ. ಆರ್.ಸಿ.ಯಲ್ಲಿ ಬರೆದ ಒಟ್ಟು ತೂಕವನ್ನು ಮೀರಲು ಅದು ಪರವಾನಗಿಯೂ ಅಲ್ಲ.

ಕೊನೆಗೆ ಆಕ್ಸಲ್. ಒಮ್ಮೆ ಪೆಟ್ಟು ಬಿದ್ದು ಬಾಗಿದ್ದು, ಭಾರಕ್ಕೆ ಅದು ಸಾಕಷ್ಟು ಗಟ್ಟಿಯಾಗಿದೆ ಎಂದಾದರೆ ಲಾರಿ ಆಕ್ಸಲ್ ನೆಟ್ಟಗೆ ಮಾಡುವ ಕಡೆ ಪ್ರೆಸ್ಸಿನಲ್ಲಿ, ತಣ್ಣಗಿರುವಾಗಲೇ ಒತ್ತಿ ಸರಿಪಡಿಸಬಹುದು. ಗ್ಯಾಸ್ ಕಟ್ಟರಿನಿಂದ ಕೆಂಪಗೆ ಕಾಯಿಸಿ ಬಾಗಿಸಲು ಬಿಡಬೇಡಿ. ಉಕ್ಕಿನ ಗಟ್ಟಿತನ ಅಲ್ಲಿಗೆ ಹೋಯಿತು. ಭಾರಕ್ಕೇ ಬಾಗುತ್ತಿದೆ ಎಂದಾದರೆ ನೆಟ್ಟಗೆ ಮಾಡಿಸುವುದು ವ್ಯರ್ಥ, ಮತ್ತೆ ಬಾಗುತ್ತದೆ. ಆಗ 1,500 ಕಿಲೊ ಸಾಮರ್ಥ್ಯದ ಆಕ್ಸಲ್ ಹಾಕಿಸಿ, ಜೊತೆಗೆ ಸ್ಪ್ರಿಂಗಿನ ಸೀಟುಗಳನ್ನು ಚಕ್ರದ ಹತ್ತಿರಕ್ಕೆ ಸರಿಸಿಸಿ. ನಡು ಮೇಲಕ್ಕೆ ಬಾಗಿದ ಆಕ್ಸಲ್ ಸಿಕ್ಕರೆ ಆ ಬಾಗು ನೇರ ಮೇಲ್ಮುಖವಾಗಿಯೇ ಕೂರಬೇಕು; ಆಕ್ಸಲ್ ತುಸು ಮುಂದಕ್ಕೋ ಹಿಂದಕ್ಕೋ ತಿರುಗಿ ಕುಳಿತರೂ ಕ್ಯಾಂಬರಿಗೆಂದು ಕೊಟ್ಟ ಬಾಗು ಟೋ ಆಗಿ ಮಾರ್ಪಟ್ಟು ಎರಡೂ ಟಯರುಗಳನ್ನು ತಿನ್ನುತ್ತದೆ. ಕೆಲಸ ಮುಗಿದ ಮೇಲೆ ಅಲ್ಲೇ ಟೋ ಅಳೆಯಿಸಿ. ಟಯರಿನ ನಡುವೆ ಸುತ್ತ ಸೀಮೆಸುಣ್ಣ ಹಚ್ಚಿ, ಮೊಳೆಯಿಂದ ಒಂದು ಗೀರು ಎಳೆದು, ಹಬ್ಬಿನ ಎತ್ತರದಲ್ಲಿ ಮುಂದಿನ ಅಂತರ ಮತ್ತು ಹಿಂದಿನ ಅಂತರ ನೋಡುವುದಷ್ಟೆ. ವ್ಯತ್ಯಾಸ 2 ಮಿ.ಮೀ.ಯೊಳಗೆ ಇರಲಿ. ಅಲೈನ್‌ಮೆಂಟ್ ಅಂಗಡಿಯವರು ಹೇಳಿದ್ದು ಇಷ್ಟರಮಟ್ಟಿಗೆ ನಿಜ: ಕಾರಿನಲ್ಲಿರುವಂತೆ ನಟ್ಟು ತಿರುಗಿಸಿ ಸರಿಪಡಿಸುವ ಅವಕಾಶ ನಿಮ್ಮ ಆಕ್ಸಲಿನಲ್ಲಿಲ್ಲ. ಕೋನವಂತೂ ಇದ್ದೇ ಇದೆ, ಅಳೆಯಲೂ ಬರುತ್ತದೆ.

ಎರಡು ಆಕ್ಸಲಿನ ದೊಡ್ಡ ಟ್ರೈಲರ್ ಇರುವ ಓದುಗರಿಗೆ ಒಂದು ಮಾತು. ಅಲ್ಲಿ ಲೆಕ್ಕ ಬೇರೆ. ಎರಡು ಆಕ್ಸಲುಗಳು ಸಮಾನಾಂತರವಾಗಿಲ್ಲದಿದ್ದರೆ ಒಂದನ್ನೊಂದು ಎಳೆದಾಡುತ್ತವೆ. ಬಿಗಿಯಾದ ತಿರುವಿನಲ್ಲಿ, ಅದರಲ್ಲೂ ಹಿಮ್ಮುಖವಾಗಿ ನಿಲ್ಲಿಸುವಾಗ, ದೋಷವಿಲ್ಲದಿದ್ದರೂ ಟಯರು ಅಡ್ಡಕ್ಕೆ ಉಜ್ಜುತ್ತದೆ. ಕೊಂಡಿ ಹೆಚ್ಚು ಎತ್ತರದಲ್ಲಿದ್ದು ಟ್ರೈಲರಿನ ಮೂಗು ಮೇಲಕ್ಕೆದ್ದಿದ್ದರೆ ಭಾರವೆಲ್ಲ ಹಿಂದಿನ ಆಕ್ಸಲಿಗೆ ಹೋಗುತ್ತದೆ. ಲೀಫ್ ಸ್ಪ್ರಿಂಗಿನ ಬದಲು ಒಳಗಿನ ರಬ್ಬರೇ ಸ್ಪ್ರಿಂಗಿನ ಕೆಲಸ ಮಾಡುವ ರಬ್ಬರ್ ಟಾರ್ಶನ್ ಆಕ್ಸಲ್ ಇದ್ದವರು ಅದಕ್ಕೆ ವೆಲ್ಡ್ ಮಾಡಿಸಲೇಬೇಡಿ, ಒಳಗಿನ ರಬ್ಬರು ಸುಟ್ಟುಹೋಗುತ್ತದೆ.

ಸದ್ಯಕ್ಕೆ ಆ ಹಳೆಯ ಟಯರಿನಲ್ಲಿ ನೂಲು ಕಾಣಿಸದೆ, ಒಳ ಅಂಚಿನಲ್ಲಿ ಸವೆತದ ಮಿತಿ ತೋರಿಸುವ 1.6 ಮಿ.ಮೀ.ಯ ಟಿ.ಡಬ್ಲ್ಯೂ.ಐ. ಗುರುತಿಗಿಂತ ಮೇಲೆ ರಬ್ಬರ್ ಉಳಿದಿದ್ದರೆ, ರಿಮ್ಮಿನಿಂದ ಬಿಚ್ಚಿ ಒಳಬದಿಯನ್ನು ಹೊರಕ್ಕೆ ಮಾಡಿ ಹಾಕಿಸಿಕೊಂಡು ವರ್ಕ್‌ಶಾಪಿಗೂ ವೇಬ್ರಿಜ್ಜಿಗೂ ಓಡಾಡಬಹುದು, ಟಯರಿನ ಮೇಲೆ ಒಂದೇ ದಿಕ್ಕಿಗೆ ಉರುಳಬೇಕೆಂಬ ಬಾಣದ ಗುರುತೋ ಹೊರಬದಿಯ ಗುರುತೋ ಇಲ್ಲದಿದ್ದರೆ. ಘಾಟಿ ಹತ್ತಲು ಅಲ್ಲ. ನುಣ್ಣಗಾಗಿದೆ ಎಂದು ನೀವು ಬರೆದದ್ದನ್ನು ನೋಡಿದರೆ ಅಷ್ಟೂ ಉಳಿದಿರಲಾರದು. ಹಾಗಿದ್ದರೆ ಸ್ಟೆಪ್ನಿಯೇ ಗತಿ. ಸ್ಟೆಪ್ನಿಯ ವಯಸ್ಸನ್ನೂ ನೋಡಿ: ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ, 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ನಮ್ಮ ಬಿಸಿಲಿಗೂ ಉಪ್ಪುಗಾಳಿಗೂ ಆರು ವರ್ಷ ದಾಟಿದ ಟಯರನ್ನು, ಗ್ರಿಪ್ ಎಷ್ಟೇ ಇರಲಿ, ನಾನು ಟ್ರೈಲರಿಗೆ ಹಾಕುವುದಿಲ್ಲ.

ಖಾಲಿ ಮತ್ತು ತುಂಬಿದ ಎರಡೂ ಸ್ಥಿತಿಯ ಕ್ಯಾಂಬರ್, ಎರಡು ಚಕ್ರಗಳ ತೂಕದ ಚೀಟಿ, ಸ್ಪ್ರಿಂಗಿನಿಂದ ಚಕ್ರಕ್ಕಿರುವ ಅಂತರ ಮತ್ತು ಆಕ್ಸಲ್ ರಾಡಿನ ದಪ್ಪ, ಇಷ್ಟನ್ನು ಬರೆದು ಕಳುಹಿಸಿ. ಆಕ್ಸಲ್ ಉಳಿಸಿಕೊಳ್ಳಬಹುದೇ ಬದಲಿಸಬೇಕೇ ಎಂಬುದನ್ನು ಆಗ ಖಚಿತವಾಗಿ ಹೇಳುತ್ತೇನೆ.